ಜೋಡಿಯಾಗಿ ಜಾರುವ ಆಟ

ನಮ್ಮ ಮಗಳು ಎರಡು ವರ್ಷದಿಂದ ಗಾಲಿಯ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಅವಳ ಸರ್ ನನ್ನನ್ನು ಕರೆದು, “ಜೋಡಿಯಲ್ಲಿ ಆಡಿಸಿದರೆ ಹುಡುಗಿ ಮುಂದೆ ಬರುತ್ತಾಳೆ, ನಿಮ್ಮ ಒಪ್ಪಿಗೆ ಬೇಕು” ಎಂದರು. ಮನೆಯಲ್ಲಿ ಹೇಳಿದ್ದೇ ತಡ, ನಮ್ಮ ತಾಯಿ ಜಪದ ಸರ ಬದಿಗಿಟ್ಟರು. “ಹುಡುಗೀನ್ನ ಮ್ಯಾಲೆ ಎತ್ತಿ ಒಗೀತಾರಂತಲ್ಲೋ! ಕೈಕಾಲು ಮುರಕೊಂಡ್ರ ಯಾರು ಜವಾಬ್ದಾರಿ?”

ಕಡತ ನೋಡದೆ ಸಹಿ ಹಾಕುವದು ನಮ್ಮ ನೌಕರಿಯಲ್ಲಿ ಸಲ್ಲದು. ಎಂಟು ದಿನ ಓದಿ, ನೋಡಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಬಳಗದ ಇತರ ತಂದೆತಾಯಿಗಳಿಗೂ ಉಪಯೋಗವಾದೀತು.

ಈ ಆಟದ ತವರು ಮಂಜುಗಡ್ಡೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿಯೇ ಜೋಡಿ ಸ್ಪರ್ಧೆ ಇತ್ತು. ಪುಣೆಯಲ್ಲಿ ಬರ್ಫದ ಅಂಗಳ ಎಲ್ಲಿಂದ ತರುವದು? ನಮ್ಮ ಮಕ್ಕಳಿಗೆ ಗಟ್ಟಿ ನೆಲವೇ ಗತಿ. ಬೂಟಿನಡಿ ಮುಂದೆರಡು, ಹಿಂದೆರಡು ಗಾಲಿ. ಮಂಜುಗಡ್ಡೆಯವರ ಬೂಟಿಗೆ ಉಕ್ಕಿನ ಅಲಗು. ಅದರ ಅಡಿಯಲ್ಲಿ ಎರಡು ಅಂಚು, ನಡುವೆ ಸಣ್ಣ ತೋಡು. ಮೈ ಯಾವ ಕಡೆ ವಾಲುವದೋ ಆ ಅಂಚಿನ ಮೇಲೆ ಕಮಾನಿನಂತೆ ತಿರುಗುವರು. ಗಾಲಿಯಲ್ಲಿಯೂ ವಾಲಿದ ಕಡೆಗೇ ತಿರುವು. ಸೈಕಲ್ಲು ನಡೆಸಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಇಬ್ಬರು ಸೇರಿ ಮಾಡುವ ನೃತ್ಯದ ಸ್ಪರ್ಧೆ ಬೇರೆಯೇ ಇದೆ. ನಾನು ಎರಡನ್ನೂ ಒಂದೇ ಎಂದು ತಿಳಿದಿದ್ದೆ. ಮಂಜುಗಡ್ಡೆಯ ನೃತ್ಯದಲ್ಲಿ ಹೆಜ್ಜೆ, ತಾಳ ಮುಖ್ಯ. ಸಂಗಾತಿಯನ್ನು ತಲೆಯ ಮೇಲೆ ಎತ್ತುವಂತಿಲ್ಲ, ಎಸೆಯುವಂತಿಲ್ಲ. ಜೋಡಿ ಆಟಕ್ಕೆ ಅವೇ ಜೀವಾಳ. ಗಂಡು ತಾನು ತಿರುಗುತ್ತ ಜಾರುವಾಗಲೇ ತೋಳು ನೀಳವಾಗಿ ಚಾಚಿ ಸಂಗಾತಿಯನ್ನು ತಲೆಯ ಮೇಲೆ ಹಿಡಿಯುವನು. ಎಸೆತದಲ್ಲಿ ಅವನು ಕೊಡುವದು ನೂಕು ಮಾತ್ರ. ಗಾಳಿಯಲ್ಲಿ ಸುತ್ತುವದು, ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ ಇಳಿಯುವದು ಅವಳ ಕೆಲಸ. ಇನ್ನೊಂದರಲ್ಲಿ ಅವನು ಕಣದ ಮೇಟಿಯಂತೆ ಒಂದೇ ಕಡೆ ಕಾಲೂರಿ ತಿರುಗುವನು. ಅವಳು ಅವನ ಕೈ ಹಿಡಿದು, ತಲೆ ನೆಲಕ್ಕೆ ತಾಗುವದೋ ಎಂಬಷ್ಟು ಬಾಗಿ ಸುತ್ತ ಜಾರುವಳು. ಇದಕ್ಕೆ ಡೆತ್ ಸ್ಪೈರಲ್ ಎಂದು ಹೆಸರು. ಹೆಸರನ್ನು ತಾಯಿಗೆ ಹೇಳಲಿಲ್ಲ. ಗಾಲಿಯ ಜೋಡಿಯಲ್ಲಿಯೂ ಇವೆಲ್ಲ ಉಂಟು.

ಆದರೆ ನೋಡನೋಡುತ್ತ ನನಗೆ ಹೆಚ್ಚು ಕಠಿಣವೆನಿಸಿದ್ದು ಕೈ ಹಿಡಿಯದೆ ಮಾಡುವ ಭಾಗ. ಇಬ್ಬರೂ ಅಕ್ಕಪಕ್ಕ ಜಾರುತ್ತ ಬಂದು ಒಂದೇ ಕ್ಷಣಕ್ಕೆ ಹಾರಬೇಕು, ಒಂದೇ ಕ್ಷಣಕ್ಕೆ ಇಳಿಯಬೇಕು. ಬಲವಿದ್ದವನು ಮುಂದೆ ಹೋಗಿ ಫಲವಿಲ್ಲ. ಒಬ್ಬರು ಬಿದ್ದರೂ ಅಂಕದ ಕಡಿತ ಜೋಡಿಗೇ.

“ಅವರೇನು ಗಂಡಹೆಂಡರೇ?” ಇದು ತಾಯಿಯ ಎರಡನೆಯ ಪ್ರಶ್ನೆ. ಕೆಲವರು ಹೌದು. 1964 ಮತ್ತು 1968ರ ಒಲಿಂಪಿಕ್ಸಿನಲ್ಲಿ ಬಂಗಾರ ಗೆದ್ದ ಸೋವಿಯತ್ ದೇಶದ ಬೆಲೊಸೊವಾ, ಪ್ರೊಟೊಪೊಪೊವ್ ದಂಪತಿಗಳೇ. 1984ರಲ್ಲಿ ಬೆಳ್ಳಿ ಪಡೆದ ಅಮೇರಿಕದ ಕಿಟ್ಟಿ, ಪೀಟರ್ ಕಾರುದರ್ಸ್ ಒಂದೇ ಮನೆಯಲ್ಲಿ ಬೆಳೆದ ಅಣ್ಣತಂಗಿ. ದೂರ ಹೋಗುವದೇಕೆ? 2010ರ ಗುವಾಂಗ್‌ಝೌ ಏಶಿಯನ್ ಕ್ರೀಡೆಗಳಲ್ಲಿ ಗಾಲಿಯ ಜೋಡಿ ಸ್ಪರ್ಧೆಯಲ್ಲಿ ನಮ್ಮವರೇ ಆದ ಅನೂಪಕುಮಾರ ಯಾಮಾ ಮತ್ತು ಅವನಿ ಪಾಂಚಾಲ ಕಂಚು ತಂದರು. ಹೈದರಾಬಾದಿನ ಅನೂಪರಿಗೆ 2015ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

ರವಿವಾರ ತಾಯಿಯನ್ನೂ ಅಂಗಳಕ್ಕೆ ಕರೆದೊಯ್ದೆ. ಮೊದಲ ವರ್ಷ ಬರಿಯ ಜೋಡಿ ಹೆಜ್ಜೆ. ಎತ್ತುವದನ್ನು ಆಮೇಲೆ, ಅದೂ ಮೊದಲು ಸ್ಕೇಟು ಕಳಚಿ ಗಾದಿಯ ಮೇಲೆ ಕಲಿಸುವರೆಂದು ಸರ್ ವಿವರಿಸಿದರು. ತಾಯಿ ಬಹಳ ಹೊತ್ತು ನೋಡಿದರು. “ಹೆಜ್ಜಿ ಹಾಕಲಿ. ಎತ್ತೋದು ಮುಂದ ನೋಡೋಣು” ಎಂದರು.

ಸಹಿ ಹಾಕಿದೆ. “ತಲೆಯ ಮೇಲೆ ಎತ್ತುವ ಮುನ್ನ ಮತ್ತೊಮ್ಮೆ ಒಪ್ಪಿಗೆ ಪಡೆಯತಕ್ಕದ್ದು” ಎಂದು ಕೆಳಗೊಂದು ಷರಾ ಬರೆದೆ.