ಕಂಠಕ್ಕಾಗಿ ಹುಟ್ಟಿದ ನಾಟಕ

ನಾಟಕ ಮೊದಲು, ನಟ ಆಮೇಲೆ ಎಂಬುದು ಲೋಕರೂಢಿ. ಇದಕ್ಕೆ ವಿರುದ್ಧವಾಗಿ, ರೇಡಿಯೋದಲ್ಲಿ ಒಬ್ಬನ ದನಿಯನ್ನು ಕೇಳಿ ಆ ದನಿಗೆಂದೇ ಒಬ್ಬ ದೊಡ್ಡ ನಾಟಕಕಾರನು ನಾಟಕ ಬರೆದ ಸಂಗತಿಯೊಂದುಂಟು. ನಾಟಕಕಾರ, ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಬೆಕೆಟ್. ನಟ, ಪ್ಯಾಟ್ರಿಕ್ ಮ್ಯಾಗೀ. 1969ರಲ್ಲಿ ನೊಬೆಲ್ ಬಹುಮಾನ ಪಡೆದ ಬೆಕೆಟ್ಟನನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮ್ಯಾಗೀಯನ್ನು ಬಲ್ಲವರು ಕಡಿಮೆ. ಆದುದರಿಂದ ಆತನನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಮ್ಯಾಗೀ ಹುಟ್ಟಿದ್ದು 1922ರಲ್ಲಿ, ಉತ್ತರ ಐರ್ಲೆಂಡಿನ ಆರ್ಮಾ ಪಟ್ಟಣದಲ್ಲಿ. ಆತ ಪಳಗಿದ್ದು ಆನ್ಯೂ ಮ್ಯಾಕ್‌ಮಾಸ್ಟರ್ ಎಂಬ ನಟ-ಯಜಮಾನನ ಕಂಪನಿಯಲ್ಲಿ. ಷೇಕ್ಸ್‌ಪಿಯರನ ನಾಟಕಗಳನ್ನು ಹೊತ್ತು ಐರ್ಲೆಂಡಿನ ಸಣ್ಣಪುಟ್ಟ ಊರುಗಳನ್ನು ಸುತ್ತುತ್ತಿದ್ದ ಕಂಪನಿ ಅದು. ಮುಂದೆ ನಾಟಕಕಾರನಾಗಿ ಹೆಸರಾದ ಹೆರಾಲ್ಡ್ ಪಿಂಟರನೂ ಆ ದಿನಗಳಲ್ಲಿ ಅಲ್ಲಿಯೇ ಬಣ್ಣ ಹಚ್ಚುತ್ತಿದ್ದನು. ಹಿಂದಿನ ಸಾಲಿನವನಿಗೂ ಮಾತು ಮುಟ್ಟಬೇಕು ಎಂಬುದು ಇಂಥ ಕಂಪನಿಗಳ ಮೊದಲ ಪಾಠ. ಮೈಕಿನ ಮುಂದೆ ಬೇಕಾದದ್ದು ಬೇರೆಯೇ ವಿದ್ಯೆ. ಅಲ್ಲಿ ಪಿಸುಮಾತೂ ಕೇಳುತ್ತದೆ, ಉಸಿರೂ ಕೇಳುತ್ತದೆ. ಎರಡೂ ಒಬ್ಬನಿಗೇ ಒಲಿಯುವುದು ಅಪರೂಪ. ಮ್ಯಾಗೀಗೆ ಒಲಿದಿತ್ತು.

1957ರ ಜನವರಿಯಲ್ಲಿ ಬಿ.ಬಿ.ಸಿ.ಯ ಮೂರನೆಯ ಕಾರ್ಯಕ್ರಮದಲ್ಲಿ ಬೆಕೆಟ್ಟನ 'ಆಲ್ ದಟ್ ಫಾಲ್' ಎಂಬ ರೇಡಿಯೋ ನಾಟಕ ಪ್ರಸಾರವಾಯಿತು. ಅದರಲ್ಲಿ ಮ್ಯಾಗೀಯದು ಚಿಕ್ಕ ಪಾತ್ರ. ಅದೇ ವರ್ಷ ಡಿಸೆಂಬರಿನಲ್ಲಿ ಆತ ಬೆಕೆಟ್ಟನ ಗದ್ಯದ ಭಾಗಗಳನ್ನು ಅಲ್ಲಿಯೇ ಓದಿದನು. ಒರಟು, ಬಿರುಕುಬಿಟ್ಟ, ದಣಿದ ದನಿ. ಅದರಲ್ಲಿ ಐರ್ಲೆಂಡಿನ ಮಣ್ಣಿನ ಸೊಗಡು. ಬೆಕೆಟ್ ಅದನ್ನು ಕೇಳಿ ಮಾರುಹೋದನು. 1958ರ ಫೆಬ್ರವರಿಯಲ್ಲಿ ಹೊಸ ನಾಟಕಕ್ಕೆ ಕೈಹಾಕಿ, ಕರಡಿನ ಮೇಲೆ 'ಮ್ಯಾಗೀ ಏಕಭಾಷಣ' ಎಂದೇ ಬರೆದುಕೊಂಡನು. ಅದೇ 'ಕ್ರ್ಯಾಪ್ಸ್ ಲಾಸ್ಟ್ ಟೇಪ್'. 1958ರ ಅಕ್ಟೋಬರ್ 28ರಂದು ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮ್ಯಾಗೀಯೇ ಅದನ್ನು ಮೊದಲು ಆಡಿದನು.

ರಂಗದ ಮೇಲೆ ಒಬ್ಬನೇ ಮುದುಕ, ಒಂದು ಮೇಜು, ಒಂದು ಟೇಪ್ ರೆಕಾರ್ಡರ್. ಕ್ರ್ಯಾಪನಿಗೆ 69 ವರ್ಷ. ಹುಟ್ಟುಹಬ್ಬದ ದಿನ ಆ ವರ್ಷದ ಸಮಾಚಾರವನ್ನು ಟೇಪಿಗೆ ಹೇಳಿಡುವುದು ಆತನ ವಾಡಿಕೆ. ಈ ದಿನ ಆತ ಬಾಳೆಹಣ್ಣು ತಿನ್ನುತ್ತ, ಡ್ರಾಯರ್ ತಡಕುತ್ತ, ತನ್ನ 39ನೆಯ ವಯಸ್ಸಿನ ಟೇಪನ್ನು ಹುಡುಕಿ ಹಾಕುತ್ತಾನೆ. ಬರವಣಿಗೆಯ ಹಂಬಲಕ್ಕಾಗಿ ಪ್ರೀತಿಯನ್ನು ಬಿಟ್ಟುಕೊಟ್ಟವನ ಹೆಮ್ಮೆಯ ದನಿ ಅದು. ಹೆಮ್ಮೆಯ ಭಾಗ ಬಂದಾಗ ಮುದುಕ ರೇಗಿ ಟೇಪನ್ನು ಮುಂದಕ್ಕೆ ಓಡಿಸುತ್ತಾನೆ. ದೋಣಿಯಲ್ಲಿ ಹುಡುಗಿಯೊಡನೆ ಕಳೆದ ಗಳಿಗೆ ಬಂದಾಗ ಮತ್ತೆ ಮತ್ತೆ ಕೇಳುತ್ತಾನೆ. 1958ರಲ್ಲಿ ಯಾವ ಮುದುಕನ ಬಳಿಯೂ ಮೂವತ್ತು ವರ್ಷದ ಹಿಂದಿನ ಇಂಥ ಟೇಪು ಇರುವಂತಿರಲಿಲ್ಲ. ಅದಕ್ಕೇ ಬೆಕೆಟ್ ಕಥೆಯನ್ನು ಭವಿಷ್ಯತ್ಕಾಲದಲ್ಲಿ ಇರಿಸಿದನು. ಆಡಿದ ಮ್ಯಾಗೀಗೆ ಆಗ 36. ಅಂದರೆ ಮುದುಕನ ದನಿಯೇ ಆತ ನಟಿಸಬೇಕಾದದ್ದು!

1964ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಗಾಗಿ ಪೀಟರ್ ಬ್ರೂಕ್ ಆಡಿಸಿದ 'ಮರಾ-ಸಾದ್' ನಾಟಕದಲ್ಲಿ ಮ್ಯಾಗೀ ಸಾದ್ ಆದನು. ಹುಚ್ಚಾಸ್ಪತ್ರೆಯ ರೋಗಿಗಳಿಂದ ನಾಟಕ ಆಡಿಸುವ ಪಾತ್ರ. ಒಂದೆಡೆ ಹೆಣ್ಣೊಬ್ಬಳು ತನ್ನ ತಲೆಗೂದಲಿನಿಂದಲೇ ಆತನನ್ನು ಬಾರಿಸುತ್ತಾಳೆ, ಆತ ತಡವರಿಸದೆ ಮಾತು ಮುಂದುವರಿಸುತ್ತಾನೆ. ನ್ಯೂಯಾರ್ಕಿನಲ್ಲಿ ಅದಕ್ಕೆ 1966ರಲ್ಲಿ ಟೋನಿ ಪ್ರಶಸ್ತಿ ಬಂದಿತು. 1967ರಲ್ಲಿ ಅದು ಚಿತ್ರವೂ ಆಯಿತು.

ಸಿನಿಮಾ ಆತನನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲವೆಂದೇ ನಮ್ಮ ಅಭಿಪ್ರಾಯ. ಭೂತ-ಭಯದ ಚಿತ್ರಗಳಲ್ಲಿ ಕಣ್ಣುಕೆಕ್ಕರಿಸುವ ಕೆಲಸವೇ ಹೆಚ್ಚು ದಕ್ಕಿತು. ಸ್ಟಾನ್ಲಿ ಕ್ಯೂಬ್ರಿಕ್ ಮಾತ್ರ 1971ರ 'ಎ ಕ್ಲಾಕ್‌ವರ್ಕ್ ಆರೆಂಜ್'ನಲ್ಲಿ ಗಾಲಿಕುರ್ಚಿಯ ಲೇಖಕನನ್ನಾಗಿ, 1975ರ 'ಬ್ಯಾರಿ ಲಿಂಡನ್'ನಲ್ಲಿ ಜೂಜುಕೋರ ಷೆವಾಲಿಯೆಯನ್ನಾಗಿ ಆತನನ್ನು ನಿಲ್ಲಿಸಿದನು.

ಬೆಕೆಟ್ ಮರೆಯಲಿಲ್ಲ. 1976ರಲ್ಲಿ ರಾಯಲ್ ಕೋರ್ಟಿನಲ್ಲಿಯೇ 'ದಟ್ ಟೈಮ್' ನಾಟಕ. ಕತ್ತಲೆಯಲ್ಲಿ ಮ್ಯಾಗೀಯ ಮುಖವೊಂದೇ ಕಾಣುತ್ತಿತ್ತು, ತುಟಿ ಅಲುಗುವಂತಿಲ್ಲ. ಆತನದೇ ದನಿ, ಮೊದಲೇ ಮುದ್ರಿಸಿದ್ದು, ಮೂರು ಕಡೆಗಳಿಂದ ಬರುತ್ತಿತ್ತು.

1982ರ ಆಗಸ್ಟಿನಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಮ್ಯಾಗೀ ತೀರಿಕೊಂಡನು. ಆತ ಕ್ರ್ಯಾಪ್ ಆಗಿರುವ ಬಿ.ಬಿ.ಸಿ. ಟೆಲಿವಿಷನ್ ಚಿತ್ರಣವೊಂದು 1972ರದು. ಮೊದಲು ಕಣ್ಣು ಮುಚ್ಚಿ ಕೇಳಿ, ಆಮೇಲೆ ನೋಡಿರೆಂದು ವಾಚಕರಿಗೆ ನಮ್ಮ ಸೂಚನೆ.