ಎಂಟು ವ್ಯಾಗನ್, ಮೂರು ಹಳಿ, ಒಂದು ಮೇಜು

ಕೊಳ್ಳೇಗಾಲಕ್ಕೆ ರೈಲಿಲ್ಲ. ಯಳಂದೂರಿಗೂ ಇಲ್ಲ, ಈಚೆಗೆ ತಾಲ್ಲೂಕಾದ ಹನೂರಿಗೂ ಇಲ್ಲ. ಜಿಲ್ಲೆಯೊಳಗೇ ರೈಲು ನೋಡಬೇಕೆಂದರೆ ಚಾಮರಾಜನಗರದ ದಾರಿ ಹಿಡಿಯಬೇಕು. ನಂಜನಗೂಡಿನ ಕಡೆಯಿಂದ 1926ರಲ್ಲಿ ಅಲ್ಲಿಗೆ ಬಂದ ಹಳಿ ಅಲ್ಲೇ ನಿಂತುಬಿಟ್ಟಿದೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಾಯ್ದು ಬರುವ ಮಾರ್ಗದ ಮಾತು ಮಾತ್ರ ದಶಕಗಳಿಂದ ಓಡಾಡುತ್ತಿದೆ.

ಅಂಥ ಊರಿನ ಶಾಲೆಯ ಮೇಷ್ಟ್ರೊಬ್ಬರಿಂದ ಒಂದು ಪ್ರಶ್ನೆ ಬಂದಿದೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳು ಮಾದರಿ ರೈಲು ಮಾಡಬೇಕೆಂದು ಹಟ ಹಿಡಿದಿದ್ದಾರೆ. ಇರುವ ಜಾಗ ನಾಲ್ಕಡಿ ಉದ್ದ, ಒಂದಡಿ ಅಗಲದ ಮೇಜು. ರೈಲು ಒಂದು ಸುತ್ತು ತಿರುಗುವಷ್ಟೂ ಜಾಗವಿಲ್ಲವಲ್ಲ, ಏನು ಮಾಡುವುದು?

ಸುತ್ತಿಸುವುದನ್ನು ಬಿಡಬೇಕು. ಅಷ್ಟೇ.

ಮಾದರಿ ರೈಲು ಎಂದರೆ ಗುಂಡಗೆ ಸುತ್ತುವ ರೈಲು ಎಂಬ ಭ್ರಮೆ ಜಾತ್ರೆಯಲ್ಲಿ ಕೊಂಡ ಕೀಲಿ ರೈಲಿನಿಂದಲೇ ನಮ್ಮ ತಲೆಗೆ ಹತ್ತಿದೆ. ಪುಣೆಯ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಮ್ಮನ್ನೋ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ‘ಮಿನಿಯಾಟುರ್ ವುಂಡರ್‌ಲ್ಯಾಂಡ್’ ಎಂಬ ಮಹಾ ಮಾದರಿಯನ್ನೋ ವಿಡಿಯೊದಲ್ಲಿ ನೋಡಿದವರಿಗೆ, ದೊಡ್ಡ ಕೋಣೆ ಇಲ್ಲದೆ ಇದಕ್ಕೆ ಕೈ ಹಾಕಲೇಬಾರದು ಎನ್ನಿಸಿಬಿಡುತ್ತದೆ. ಅವು ಅದ್ಭುತಗಳೇ. ಆದರೆ ಚಿಕ್ಕ ಮೇಜಿನ ಮೇಲೆ ಗುಂಡು ಹಳಿ ಹಾಕಿದಾಗ ಏನಾಗುತ್ತದೆಂದು ಒಮ್ಮೆ ಲೆಕ್ಕ ಹಾಕಬೇಕು.

ಮಾದರಿ ರೈಲುಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ನಿಜವಾದ ವಸ್ತುವಿನ 87ನೇ ಒಂದು ಭಾಗ ಅದು. ನಮ್ಮ ಬ್ರಾಡ್‌ಗೇಜ್ ಹಳಿ ಎಷ್ಟೇ ತಿರುಗಿದರೂ ಆ ತಿರುವಿನ ತ್ರಿಜ್ಯ 175 ಮೀಟರಿಗಿಂತ ಕಡಿಮೆಯಾಗಬಾರದೆಂಬುದು ಭಾರತೀಯ ರೈಲ್ವೆಯ ನಿಯಮ. 87ರಿಂದ ಭಾಗಿಸಿದರೆ ಎರಡು ಮೀಟರ್. ಅಂದರೆ ನಿಯಮ ಮುರಿಯದೆ ಒಂದು ಸುತ್ತು ಹಾಕಲು ಹದಿಮೂರು ಅಡಿ ಅಗಲದ ಕೋಣೆ ಬೇಕು. ತ್ರಿಜ್ಯದ ಈ ಮಿತಿ ಮೀಟರ್‌ಗೇಜ್‌ಗೆ 109 ಮೀಟರ್, ನ್ಯಾರೋಗೇಜ್‌ಗೆ 44 ಮೀಟರ್. ಆಟಿಕೆಯ ಪೆಟ್ಟಿಗೆಯಲ್ಲಿ ಬರುವ ಗುಂಡು ಹಳಿಯ ತ್ರಿಜ್ಯವೋ ಒಂದೂವರೆ ಅಡಿಯ ಆಸುಪಾಸು. ಅದನ್ನು ನಿಜದ ಅಳತೆಗೆ ಹಿಗ್ಗಿಸಿದರೆ ಸಿಗುವುದು 40 ಮೀಟರಿನ ತಿರುವು. ಎಕ್ಸ್‌ಪ್ರೆಸ್ ರೈಲಿನ ಉದ್ದನೆಯ ಬೋಗಿ ಅಷ್ಟು ಕಿರಿದಾದ ತಿರುವಿಗೆ ಇಳಿದರೆ ಹಳಿ ತಪ್ಪುವುದು ಖಂಡಿತ. ಮೇಜಿನ ಮೇಲೆ ಎಕ್ಸ್‌ಪ್ರೆಸ್ ಓಡಿಸುವವರು ಪ್ರತಿ ಸುತ್ತಿಗೂ ಒಂದು ಸುಳ್ಳು ಹೇಳುತ್ತಿರುತ್ತಾರೆ.

ಕಾರ್ಖಾನೆಯ ಹಳಿಗೆ ಈ ಸುಳ್ಳಿನ ಹಂಗಿಲ್ಲ. ಗಿರಣಿಯ ಹಿಂಬದಿ, ಗಣಿಯ ಬಾಯಿ, ಸಕ್ಕರೆ ಕಾರ್ಖಾನೆಯ ಕಬ್ಬಿನ ಅಂಗಳ, ಇವೆಲ್ಲ ನಿಜವಾಗಿಯೂ ಇಕ್ಕಟ್ಟಿನ ಜಾಗಗಳೇ. ಎರಡು ಗೋಡೆಗಳ ನಡುವೆ ನುಸುಳುವ ಹಳಿ, ನಾಲ್ಕು ಚಕ್ರದ ಗಿಡ್ಡ ವ್ಯಾಗನ್ನು, ನಡಿಗೆಯ ವೇಗದಲ್ಲಿ ಹಿಂದೆ ಮುಂದೆ ಸರಿಯುವ ಪುಟ್ಟ ಎಂಜಿನ್ನು. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಊದುಕುಲುಮೆ ಹೊತ್ತಿಸಿದಾಗ ಅದಕ್ಕೆ ಬೇಕಾಗಿದ್ದು ಇದ್ದಿಲು. ಇದ್ದಿಲಿಗೆ ಬೇಕಾದ ಸೌದೆಯನ್ನು ಕಾಡಿನಿಂದ ಹೊತ್ತು ತಂದದ್ದು ಇಂಥ ಕಿರುಗಾತ್ರದ ಟ್ರಾಮ್‌ ಹಳಿಗಳೇ. ಚಿಕ್ಕ ಮೇಜಿನ ಮೇಲೆ ಇಂಥದ್ದನ್ನು ಕಟ್ಟಿದರೆ ಯಾವುದನ್ನೂ ಹಿಂಡಿ ಕುಗ್ಗಿಸಬೇಕಾಗಿಲ್ಲ. ಇದ್ದುದು ಇದ್ದಂತೆ ಕೂರುತ್ತದೆ.

ಸುತ್ತದ ರೈಲು ಹಾಗಾದರೆ ಮಾಡುವುದೇನು? ಇಲ್ಲಿಂದ ಮುಂದೆ ನಿಜವಾದ ಸೊಗಸು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಅಲನ್ ರೈಟ್ ಎಂಬ ಹವ್ಯಾಸಿ ವ್ಯಾಗನ್ನುಗಳನ್ನು ಹಿಂದೆ ಮುಂದೆ ಸರಿಸಿ ವಿಂಗಡಿಸುವ ಒಂದು ಪುಟ್ಟ ಶಂಟಿಂಗ್ ಅಂಗಳ ಕಟ್ಟಿ ಅದಕ್ಕೆ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂದು ಹೆಸರಿಟ್ಟರು. ಇಂಗಲ್‌ನುಕ್ ಎಂದರೆ ಬೆಂಕಿಗೂಡಿನ ಮಗ್ಗುಲಲ್ಲಿ ಮುದುಡಿ ಕೂರುವ ಬೆಚ್ಚನೆಯ ಮೂಲೆ. ಅದರಲ್ಲಿರುವುದು ಎರಡೇ ಪಾಯಿಂಟು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೂಡು), ಮೂರು ಹಳಿ. ಒಂದು ಹಳಿಯಲ್ಲಿ ಐದು ವ್ಯಾಗನ್ ಹಿಡಿಯುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಮೂರೂ ಹಳಿಗಳು ಕೂಡುವ ಕಡೆ ಒಂದು ತುಂಡು ಹಳಿ; ಅಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ನಿಗಷ್ಟೇ ಎಡೆ. ಅಂಗಳದಲ್ಲಿ ಎಂಟು ವ್ಯಾಗನ್ ನಿಂತಿರುತ್ತವೆ. ಎಂಟು ಚೀಟಿ ಕುಲುಕಿ ಐದನ್ನು ಎತ್ತಬೇಕು, ಚೀಟಿ ಬಂದ ಕ್ರಮದಲ್ಲೇ ಆ ಐದು ವ್ಯಾಗನ್ನುಗಳನ್ನು ಉದ್ದದ ಹಳಿಯಲ್ಲಿ ಜೋಡಿಸಬೇಕು. ವ್ಯಾಗನ್ನನ್ನು ಕೈಯಿಂದ ಎತ್ತುವಂತಿಲ್ಲ.

ಕೇಳುವುದಕ್ಕೆ ಮಕ್ಕಳಾಟ. ಎಂಟರಿಂದ ಐದನ್ನು ಕ್ರಮವಾಗಿ ಆರಿಸುವ ಬಗೆ 8×7×6×5×4, ಅಂದರೆ 6,720. ದಿನಕ್ಕೊಂದರಂತೆ ಆಡುತ್ತ ಹೋದರೆ ಎಲ್ಲವನ್ನೂ ಮುಗಿಸಲು ಹದಿನೆಂಟು ವರ್ಷ ದಾಟುತ್ತದೆ. ಎರಡು ಪಾಯಿಂಟಿನ ಅಂಗಳಕ್ಕೆ!

ಒಂದೇ ಒಂದು ಇಕ್ಕಟ್ಟನ್ನು ನೋಡೋಣ. ಎರಡು ಗಿಡ್ಡ ಹಳಿಗಳೂ ತುಂಬಿವೆ. ಉದ್ದದ ಹಳಿಯ ತುದಿಯಲ್ಲಿ ಎರಡೇ ವ್ಯಾಗನ್ ಇವೆ: ಒಳಗಡೆ ಕೆಂಪು, ಅದರ ಮುಂದೆ ಹಸಿರು. ಚೀಟಿಯ ಪ್ರಕಾರ ಒಳತುದಿಗೆ ಬರಬೇಕಾದದ್ದು ಹಸಿರು. ಎರಡನ್ನೂ ಎಳೆದು ಹೊರತಂದರೆ ಇಡಲು ಬೇರೆ ಜಾಗವೇ ಇಲ್ಲ. ತಳ್ಳಿದರೆ ಮತ್ತೆ ಕೆಂಪೇ ಮೊದಲು ಒಳಗೆ ಹೋಗುತ್ತದೆ. ಮೊದಲ ಸಲ ಆಡುವವರು ಇಲ್ಲಿ ಹತ್ತು ನಿಮಿಷ ಹಿಂದೆ ಮುಂದೆ ತಳ್ಳುತ್ತ ಕೂರುತ್ತಾರೆ. ಬಿಡಿಸುವ ದಾರಿ ಹೀಗಿದೆ: ಗಿಡ್ಡ ಹಳಿಯಿಂದ ಯಾವ ಸಂಬಂಧವೂ ಇಲ್ಲದ ಒಂದು ನೀಲಿ ವ್ಯಾಗನ್ನನ್ನು ಎಳೆದು ತಂದು ಹಸಿರಿನ ಮುಂದೆ ಸೇರಿಸಬೇಕು. ಈಗ ಮೂರನ್ನೂ ಒಟ್ಟಿಗೆ ಹೊರಗೆಳೆದು, ನೀಲಿ ಬಿಟ್ಟುಬಂದ ಖಾಲಿ ಜಾಗಕ್ಕೆ ಕೆಂಪನ್ನು ತಳ್ಳಿ ಕಳಚಬೇಕು. ಎಂಜಿನ್ನಿಗೆ ಉಳಿದದ್ದು ನೀಲಿ ಮತ್ತು ಹಸಿರು. ಉದ್ದದ ಹಳಿಗೆ ತಳ್ಳಿದರೆ ಹಸಿರು ತುದಿಗೆ ಹೋಗಿ ಕೂರುತ್ತದೆ. ಇಬ್ಬರ ಜಾಗ ಅದಲುಬದಲು ಮಾಡಲು ಮೂರನೆಯವನನ್ನು ಕರೆಯಬೇಕಾಯಿತು! ಗಂಟು ಸಡಿಲಿಸಲು ಮೊದಲು ಅದನ್ನು ಇನ್ನಷ್ಟು ಬಿಗಿ ಮಾಡಬೇಕು. ಗೂಡ್ಸ್ ಯಾರ್ಡಿನಲ್ಲಿ ಹಸಿರು ಬಾವುಟ ಹಿಡಿದು ಓಡಾಡುವ ಪಾಯಿಂಟ್ಸ್‌ಮನ್‌ಗಳು ಬಿಸಿಲಿನಲ್ಲಿ ದಿನವಿಡೀ ಬಿಡಿಸುವ ಲೆಕ್ಕ ಇದೇ.

ಹದಿನೈದು ಚೌಕಗಳನ್ನು ಸರಿಸಿ ಅಂಕಿ ಜೋಡಿಸುವ ಹಳೆಯ ಆಟ ಅನೇಕರ ಮನೆಯಲ್ಲಿತ್ತು. ಅದರಲ್ಲೊಂದು ಮೋಸವಿದೆ: ಚೌಕಗಳನ್ನು ಕಿತ್ತು ಮನಸ್ಸಿಗೆ ಬಂದಂತೆ ಜೋಡಿಸಿಟ್ಟರೆ ಅರ್ಧದಷ್ಟು ಜೋಡಣೆಗಳನ್ನು ಎಷ್ಟು ಸರಿಸಿದರೂ ಸರಿಪಡಿಸಲಾಗದು. ಅದು 1879ರಲ್ಲೇ ಸಾಬೀತಾಗಿತ್ತು. ಇಂಗಲ್‌ನುಕ್ ಹಾಗಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಗಣಿತಜ್ಞ ಸೈಮನ್ ಬ್ಲ್ಯಾಕ್‌ಬರ್ನ್ ಈ ಆಟದ ಮೇಲೆ ಒಂದು ಸಂಶೋಧನ ಪ್ರಬಂಧವನ್ನೇ ಬರೆದಿದ್ದಾರೆ. ಎಷ್ಟು ಹಳಿ, ಎಷ್ಟು ಉದ್ದ, ಎಷ್ಟು ವ್ಯಾಗನ್ ಇದ್ದರೆ ಯಾವ ಕ್ರಮವನ್ನಾದರೂ ತರಬಹುದು ಎಂಬುದು ಅದರ ವಿಷಯ. ಐದು-ಮೂರು-ಮೂರರ ಅಂಗಳದಲ್ಲಿ ಎಂಟು ವ್ಯಾಗನ್ ಇದ್ದರೆ ಯಾವ ಚೀಟಿ ಬಂದರೂ ಬಿಡಿಸಬಹುದು. ಹನ್ನೊಂದು ಜಾಗ, ಎಂಟು ವ್ಯಾಗನ್, ಮೂರು ಖಾಲಿ. ಆ ಖಾಲಿಯೇ ಇಲ್ಲಿನ ಬಂಡವಾಳ.

ಎಂಟು ಎಂದ ಕೂಡಲೇ ಕೆಲವರ ಮುಖ ಸಪ್ಪಗಾಗುವುದುಂಟು. ಎಂಟು ಶನಿಯ ಸಂಖ್ಯೆಯಂತೆ! ಹೊಸ ಗಾಡಿಯ ನಂಬರು ಕೂಡಿಸಿದರೆ ಎಂಟು ಬರಬಾರದೆಂದು ಸಾವಿರಗಟ್ಟಲೆ ಸುರಿಯುವವರಿದ್ದಾರೆ. ಓದಿದವರೇ ಹೀಗೆ ಮಾಡುವುದನ್ನು ಕಂಡರೆ ಸಂಕಟವಾಗುತ್ತದೆ. ಅಂಕಿಗೆ ಶುಭ ಅಶುಭ ಏನೂ ಇಲ್ಲ. ಅದಕ್ಕಿರುವ ನಿಜವಾದ ಗುಣಗಳು ಈ ಅಂಗಳದಲ್ಲಿ ಕಣ್ಣಿಗೇ ಕಾಣುತ್ತವೆ, ಮಕ್ಕಳಿಗೆ ತೋರಿಸಬೇಕಾದದ್ದು ಅವನ್ನು. ಎಂಜಿನ್ ನಡುದಾರಿಯಲ್ಲಿ ಮುಷ್ಕರ ಹೂಡಿದರೂ ಅಷ್ಟೇ, ಅದು ಯಾರ ದೃಷ್ಟಿಯೂ ತಾಗಿ ಅಲ್ಲ. ಕರೆಂಟು ಚಕ್ರಕ್ಕೆ ಹೋಗುವುದು ಹಳಿಯ ಮೇಲ್ಮೈಯಿಂದ. ಧೂಳು, ಎಣ್ಣೆ ಕೂತರೆ ಸಂಪರ್ಕ ತಪ್ಪುತ್ತದೆ. ಬಟ್ಟೆಗೆ ತುಸು ಸ್ಪಿರಿಟ್ ಹಾಕಿ ಒರೆಸಿದರೆ ಮತ್ತೆ ಓಡುತ್ತದೆ.

ಮೇಷ್ಟ್ರ ಮೇಜಿಗೆ ಬರೋಣ. ಒಂದು ಗಿಡ್ಡ ವ್ಯಾಗನ್ 75 ಮಿಲಿಮೀಟರ್ ಎಂದಿಟ್ಟುಕೊಂಡರೆ ಐದಕ್ಕೆ 375. ಎಂಜಿನ್ ಮತ್ತು ಮೂರು ವ್ಯಾಗನ್ನಿಗೆ 325. ನಡುವೆ ಎರಡು ಪಾಯಿಂಟು. ನಾಲ್ಕಡಿಯಲ್ಲಿ ಹಾಯಾಗಿ ಕೂರುತ್ತದೆ. ಇನ್ನು ಯಾವ ಕಾರ್ಖಾನೆ? ಇದಕ್ಕಾಗಿ ಬೇರೆ ದೇಶದ ಕಲ್ಲಿದ್ದಲ ಗಣಿಯ ಚಿತ್ರ ಹುಡುಕಬೇಕಾಗಿಲ್ಲ. ಕೊಳ್ಳೇಗಾಲ ಸೀಮೆಯಲ್ಲಿ ರೇಷ್ಮೆಯಿದೆ, ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ, ಸುತ್ತಮುತ್ತ ಕರಿಕಲ್ಲಿನ ಕ್ವಾರಿಗಳಿವೆ. ಪಕ್ಕದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಹತ್ತಿರದ ರೈಲು ನಿಲ್ದಾಣ ಮದ್ದೂರಾಗಿದ್ದರಿಂದ ಶಿವನಸಮುದ್ರದ ವಿದ್ಯುದಾಗಾರದ ಭಾರೀ ಯಂತ್ರಗಳನ್ನು ಅಲ್ಲಿಂದ ಆನೆ, ಎತ್ತುಗಳೇ ಎಳೆದು ತಂದವು.

ಕುಗ್ಗಿಸಿದಾಗ ಅಡಿಗೆಮನೆ ಹೇಗೆ ಕೈಹಿಡಿಯುತ್ತದೆ ನೋಡಿ. ಮೂರು ಸೆಂಟಿಮೀಟರಿನ ರೇಷ್ಮೆಗೂಡು 87 ಪಟ್ಟು ಚಿಕ್ಕದಾದರೆ ಮೂರನೇ ಒಂದು ಮಿಲಿಮೀಟರ್. ರಾಗಿ ಕಾಳು ಅದಕ್ಕೆ ದೊಡ್ಡದಾಯಿತು. ಚಿರೋಟಿ ರವೆಯನ್ನು ಚೆಲ್ಲಿದರೆ ಗೂಡಿನ ರಾಶಿ ಸಿದ್ಧ. ಕಬ್ಬಿನ ಜಲ್ಲೆಗೆ ಹುಲ್ಲುಪೊರಕೆಯ ಎಳೆಯನ್ನು ಮೂರೂವರೆ ಸೆಂಟಿಮೀಟರಿಗೆ ಕತ್ತರಿಸಬೇಕು, ತೆಂಗಿನ ಕಡ್ಡಿ ದಪ್ಪವಾಗುತ್ತದೆ. ಹಳಿಯ ಕೆಳಗಿನ ಜಲ್ಲಿಗೆ ಜರಡಿ ಹಿಡಿದ ನುಣ್ಣನೆ ಮರಳು. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ತೊಟ್ಟು ಸೋಪು ಹಾಕಿ ಡ್ರಾಪರಿನಲ್ಲಿ ಬಿಟ್ಟರೆ ಅದು ಮರಳಿನೊಳಗೆ ಇಂಗುತ್ತದೆ.

ಕರಿಕಲ್ಲಿನ ವಿಷಯ ಇವೆಲ್ಲಕ್ಕಿಂತ ಚೆಂದ. ಉದ್ದ 87ನೇ ಒಂದು ಭಾಗವಾದರೆ ತೂಕ 87ನೇ ಒಂದು ಭಾಗವಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 87×87×87, ಅಂದರೆ 6,58,503 ಪಟ್ಟು ಇಳಿಯುತ್ತದೆ. 20 ಟನ್ನಿನ ವ್ಯಾಗನ್ ಬರೇ 30 ಗ್ರಾಂ! ಪ್ಲಾಸ್ಟಿಕ್ ವ್ಯಾಗನ್ ಎಷ್ಟು ತೂಗಿದರೆ ಸರಿ ಎಂದು ಹವ್ಯಾಸಿಗಳು ತಲೆ ಕೆಡಿಸಿಕೊಂಡು ಒಳಗೆ ಸೀಸದ ಚೂರು ಅಂಟಿಸುತ್ತಾರೆ. ಕಲ್ಲಿಗೆ ಆ ತಾಪತ್ರಯವಿಲ್ಲ. ಎರಡು ಮೀಟರ್ ಉದ್ದ, ಒಂದೊಂದು ಮೀಟರ್ ಅಗಲ ಎತ್ತರದ ಕರಿಕಲ್ಲಿನ ದಿಂಡು ಸುಮಾರು ಆರು ಟನ್ ತೂಗುತ್ತದೆ. ಕಲ್ಲು ಕೊಯ್ಯುವ ಕಡೆ ಬಿದ್ದಿರುವ ಅದೇ ಕಲ್ಲಿನ ಚೂರನ್ನು 23 ಮಿಲಿಮೀಟರ್ ಉದ್ದಕ್ಕೆ ಉಜ್ಜಿ ವ್ಯಾಗನ್ನಿನ ಮೇಲಿಟ್ಟರೆ ಅದರ ತೂಕ ಸುಮಾರು ಒಂಬತ್ತು ಗ್ರಾಂ, ಲೆಕ್ಕ ಕೇಳುವುದೂ ಅಷ್ಟನ್ನೇ. ಆ ಮೇಜಿನ ಮೇಲೆ ಯಾವ ಸೋಗೂ ಇಲ್ಲದ ವಸ್ತು ಅದೊಂದೇ.

ಬಂದೇ ಇರದ ರೈಲಿಗೆ ಯಾವ ಹೆಸರು ಬರೆಯಬೇಕೆಂಬುದೂ ಚರ್ಚೆಗೆ ಒಳ್ಳೆಯ ವಿಷಯ. ಕೊಳ್ಳೇಗಾಲ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಬಂದ ಜಹಗೀರು. ಸ್ವಾತಂತ್ರ್ಯಕ್ಕೆ ಮೊದಲು ಕೊಳ್ಳೇಗಾಲಕ್ಕೆ ಹಳಿ ಬಂದಿದ್ದರೆ ಅದು ಸೌತ್ ಇಂಡಿಯನ್ ರೈಲ್ವೆಯದಾಗಬಹುದಿತ್ತು, ಯಳಂದೂರಿನದು ಮೈಸೂರು ಸ್ಟೇಟ್ ರೈಲ್ವೆಯದು. ಎರಡೂರುಗಳ ನಡುವೆ, ರೇಷ್ಮೆ ಕಾರ್ಖಾನೆಯಿದ್ದ ಮಾಂಬಳ್ಳಿಯ ಹತ್ತಿರ ಮೂರು ಹಳಿಯ ಒಂದು ಅಂಗಳವನ್ನು ಕಲ್ಪಿಸಿಕೊಂಡರೆ, ಎಂಟು ವ್ಯಾಗನ್ನುಗಳಲ್ಲಿ ನಾಲ್ಕರ ಮೇಲೆ ಒಂದು ಕಂಪನಿಯ ಅಕ್ಷರ, ನಾಲ್ಕರ ಮೇಲೆ ಇನ್ನೊಂದರದು. ಗೂಡು, ಸಕ್ಕರೆ, ಕಲ್ಲು ಹೊತ್ತ ವ್ಯಾಗನ್ನುಗಳನ್ನು ಗಡಿಯಲ್ಲಿ ವಿಂಗಡಿಸುವ ಕೆಲಸ ಎಂಜಿನ್ನಿಗೆ. ಶಂಟಿಂಗ್ ಆಟಕ್ಕೆ ಒಂದು ಕಾರಣವೂ ಸಿಕ್ಕಂತಾಯಿತು.

ಎಂಜಿನ್, ಹಳಿ ಕೊಳ್ಳುವುದಕ್ಕೆ ದುಡ್ಡು ಸೇರಿಸಲು ಸಮಯ ಬೇಕು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮೇಜಿನ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದು ಒಂದು ತುದಿಯಲ್ಲಿ ಕೂಡಿಸಿ, ಕೂಡಿದ ಕಡೆಯಿಂದ ನಾಲ್ಕು ಬೆಂಕಿಪೆಟ್ಟಿಗೆಯಷ್ಟು ಉದ್ದದ ಗೆರೆಯನ್ನು ಹೊರಕ್ಕೆ ಎಳೆದರೆ ಅಂಗಳ ತಯಾರು. ಎಂಟು ಬೆಂಕಿಪೆಟ್ಟಿಗೆಗೆ ಒಂದರಿಂದ ಎಂಟು ಬರೆದು, ಐದನ್ನು ಉದ್ದದ ಗೆರೆಯಲ್ಲೂ ಮೂರನ್ನು ಗಿಡ್ಡ ಗೆರೆಯೊಂದರಲ್ಲೂ ನಿಲ್ಲಿಸಬೇಕು. ಒಂಬತ್ತನೆಯ ಪೆಟ್ಟಿಗೆಗೆ ಕೆಂಪು ಕಾಗದ ಸುತ್ತಿದರೆ ಅದೇ ಎಂಜಿನ್. ಚೀಟಿ ಎತ್ತಲು ತರಗತಿಯ ಅತಿ ಚಿಕ್ಕ ಹುಡುಗಿಯನ್ನು ಕರೆಯಬಹುದು.