ಪಾತ್ರದೊಳಗಿನ ಮನುಷ್ಯ

ಒಬ್ಬನೇ ವ್ಯಕ್ತಿ ಮಕ್ಕಳಿಗೆ ಅಪ್ಪ, ಕಚೇರಿಯಲ್ಲಿ ಗುಮಾಸ್ತ, ತವರಿಗೆ ಬಂದ ಅಕ್ಕನಿಗೆ ತಮ್ಮ, ಬ್ಯಾಂಕ್ ಮ್ಯಾನೇಜರ ಎದುರು ಸಾಲಗಾರ. ಒಂದೊಂದು ಕಡೆಯೂ ಅವನ ದನಿ, ಮಾತು, ಕೂರುವ ಭಂಗಿ ಬದಲಾಗುತ್ತವೆ. ಒಂದು ಸ್ಥಾನದಲ್ಲಿರುವವರಿಂದ ಇತರರು ನಿರೀಕ್ಷಿಸುವ ಇಂಥ ನಡವಳಿಕೆಯನ್ನೇ ಸಮಾಜಶಾಸ್ತ್ರ ‘ಪಾತ್ರ’ ಎನ್ನುತ್ತದೆ. ಪಾತ್ರ ಕೇಳುವುದಕ್ಕೂ ಒಳಗೆ ಅನಿಸುವುದಕ್ಕೂ ಅನೇಕ ಸಲ ತಾಳೆಯಾಗುವುದಿಲ್ಲ. ಕೋಪ ಬಂದಿದ್ದರೂ ನಗಬೇಕಾಗುತ್ತದೆ, ಹೆದರಿಕೆಯಿದ್ದರೂ ಧೈರ್ಯ ತೋರಬೇಕಾಗುತ್ತದೆ. ಈ ಅಂತರ ಯಾವಾಗ ಸಹಜ, ಯಾವಾಗ ಅಪಾಯ ಎಂಬುದನ್ನು ಕಳೆದ ಶತಮಾನದ ಸಮಾಜಶಾಸ್ತ್ರಜ್ಞರೂ ಮನೋವಿಶ್ಲೇಷಕರೂ ಹತ್ತಿರದಿಂದ ನೋಡಿದ್ದಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದರ ಎಳೆ ಹಿಡಿದಿದ್ದರು. ಒಬ್ಬನನ್ನು ಬಲ್ಲವರು ಎಷ್ಟು ಮಂದಿಯೋ ಅಷ್ಟು ಸಾಮಾಜಿಕ ‘ನಾನು’ಗಳು ಅವನಿಗಿರುತ್ತವೆ ಎಂಬುದು ಅವರ ಅಭಿಪ್ರಾಯ. ಆದರೆ ಆ ‘ನಾನು’ಗಳು ದಿನನಿತ್ಯ ಹೇಗೆ ತಯಾರಾಗುತ್ತವೆ ಎಂದು ವಿವರವಾಗಿ ತೋರಿಸಿದವರು ಕೆನಡಾ ಮೂಲದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ (1922–1982).

ರಂಗಸ್ಥಳ ಮತ್ತು ಚೌಕಿ

ಗಾಫ್‌ಮನ್ 1949 ಮತ್ತು 1951ರ ನಡುವೆ ಸುಮಾರು ಒಂದು ವರ್ಷ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ, ಸಣ್ಣ ರೈತರ ನಡುವೆ ಇದ್ದರು. ಅಲ್ಲಿನ ಮನೆಗಳ ಒಳಗೆ ಬೆಳಕು ಕಡಿಮೆ, ಹೊರಗೆಲ್ಲ ಬಯಲು. ಹಾಗಾಗಿ ಚಹಾಕ್ಕೆಂದು ಬರುವ ನೆರೆಯವನು ದೂರದಿಂದಲೇ ಒಳಗಿದ್ದವರಿಗೆ ಕಾಣುತ್ತಿದ್ದ, ಅವರು ಅವನಿಗೆ ಕಾಣುತ್ತಿರಲಿಲ್ಲ. ದಾರಿಯಲ್ಲಿ ಹೇಗೋ ಇದ್ದ ಅವನ ಮುಖ ಬಾಗಿಲು ಸಮೀಪಿಸುತ್ತಿದ್ದಂತೆ ನಗುಮುಖವಾಗುವುದನ್ನು ನೋಡುವುದೇ ಮನೆಯವರಿಗೊಂದು ಮೋಜು. ಈ ಗುಟ್ಟು ತಿಳಿದ ಕೆಲವರು ಮನೆ ಇನ್ನೂ ದೂರವಿರುವಾಗಲೇ ನಗೆ ತಂದುಕೊಂಡು ಬರುತ್ತಿದ್ದರು.

ಅಲ್ಲಿನ ಹೋಟೆಲೊಂದರ ಒಳಗನ್ನೂ ಅವರು ಕಂಡರು. ಊಟದ ಹಜಾರದಲ್ಲಿ ಎಲ್ಲವೂ ಅಚ್ಚುಕಟ್ಟು. ಅಡುಗೆಮನೆಯಲ್ಲಿ ಕುದಿಯುವ ಕೆಟಲಿನ ಮೇಲೆ ಒದ್ದೆ ಕಾಲುಚೀಲ ಒಣಗುತ್ತಿತ್ತು. ಗಿರಾಕಿಗಳು ಅರ್ಧ ಬಳಸಿಬಿಟ್ಟ ಬೆಣ್ಣೆಯನ್ನು ಮತ್ತೆ ಉಂಡೆ ಕಟ್ಟಿ ಹೊಸದರಂತೆ ಹೊರಗೆ ಕಳುಹಿಸಲಾಗುತ್ತಿತ್ತು. ನಡುವಿನ ಬಾಗಿಲಿನ ವಿಷಯಕ್ಕೆ ಸದಾ ಜಗಳ. ತಟ್ಟೆ ಹೊತ್ತು ಓಡಾಡುವ ಹುಡುಗಿಯರಿಗೆ ಅದು ತೆರೆದಿರಬೇಕು, ಮಾಲೀಕರಿಗೆ ಮುಚ್ಚಿರಬೇಕು.

ಈ ಅನುಭವದ ಆಧಾರದ ಮೇಲೆ ಬರೆದ ಅವರ ಪುಸ್ತಕ 1956ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾಯಿತು. 1959ರ ವಿಸ್ತೃತ ಆವೃತ್ತಿ ಜಗತ್ತಿನಾದ್ಯಂತ ಹೆಸರಾಯಿತು. ಜನರ ಬದುಕಿನಲ್ಲಿ ಇತರರಿಗೆ ಕಾಣುವ ಭಾಗವೊಂದು, ಕಾಣದ ಭಾಗವೊಂದು ಇರುತ್ತದೆ ಎಂದು ಅವರು ವಾದಿಸಿದರು. ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಒಂದು ರಂಗಸ್ಥಳ, ಇನ್ನೊಂದು ವೇಷ ಕಟ್ಟುವ ಚೌಕಿ. ಚೌಕಿಯಲ್ಲಿ ಕಿರೀಟ ಬಿಚ್ಚಿಟ್ಟು ಬೀಡಿ ಸೇದುವ ಕಲಾವಿದ ಮೋಸಗಾರನಲ್ಲ. ಆಟ ನಡೆಯಬೇಕಾದರೆ ಆ ಜಾಗವೂ ಬೇಕು.

ಪಾತ್ರದಿಂದ ಒಂದು ಹೆಜ್ಜೆ ಹಿಂದೆ

1961ರ ಪ್ರಬಂಧವೊಂದರಲ್ಲಿ ಗಾಫ್‌ಮನ್ ಇನ್ನೊಂದು ಮುಖ್ಯ ಸಂಗತಿ ಗುರುತಿಸಿದರು. ಸುತ್ತುವ ಮರದ ಕುದುರೆಯ ಮೇಲೆ ಮೂರು-ನಾಲ್ಕು ವರ್ಷದ ಮಗು ಪೂರ್ತಿ ತನ್ಮಯವಾಗಿ ಸವಾರಿ ಮಾಡುತ್ತದೆ. ಏಳೆಂಟು ವರ್ಷದ ಹುಡುಗ ಹಾಗಲ್ಲ. ಕೈ ಬಿಟ್ಟು ಕೂರುತ್ತಾನೆ, ಚೇಷ್ಟೆ ಮಾಡುತ್ತಾನೆ. ‘ಇದು ಚಿಕ್ಕ ಮಕ್ಕಳ ಆಟ, ನಾನು ಇಷ್ಟೇ ಅಲ್ಲ’ ಎಂದು ಸುತ್ತಲಿನವರಿಗೆ ತೋರಿಸುವುದು ಅದರ ಉದ್ದೇಶ. ಶಸ್ತ್ರಚಿಕಿತ್ಸೆಯ ನಡುವೆ ತಮಾಷೆ ಮಾಡಿ ಸಹಾಯಕರ ಬಿಗುವು ಸಡಿಲಿಸುವ ಹಿರಿಯ ವೈದ್ಯರಲ್ಲೂ ಗಾಫ್‌ಮನ್ ಇದನ್ನೇ ಕಂಡರು. ವೈದ್ಯರ ಕೈ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಮನುಷ್ಯ ಮಾತ್ರ ಪಾತ್ರದಿಂದ ತುಸು ಹಿಂದೆ ಸರಿದು ನಿಂತಿರುತ್ತಾನೆ. ಅಂದರೆ ಅಂತರ ಯಾವಾಗಲೂ ಬಿರುಕಲ್ಲ. ಪಾತ್ರವನ್ನು ಚೆನ್ನಾಗಿ ನಿಭಾಯಿಸುವವರಿಗೆ ಅದು ಉಸಿರಾಡುವ ಜಾಗ.

ಸಂಬಳಕ್ಕೆ ನಗುವ ಕೆಲಸ

ಆ ಜಾಗವೇ ಇಲ್ಲವಾದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಡೆಲ್ಟಾ ವಿಮಾನ ಕಂಪನಿಯ ಗಗನಸಖಿಯರ ತರಬೇತಿಯನ್ನು ಅವರು ಅಧ್ಯಯನ ಮಾಡಿದ್ದರು. ಅಲ್ಲಿ ನಕ್ಕರೆ ಸಾಲದು, ಮನಸಾರೆ ನಗಬೇಕು. ವಿಮಾನದ ಒಳಗನ್ನು ತಮ್ಮ ಮನೆಯ ಹಜಾರವೆಂದೂ ರೇಗಾಡುವ ಪ್ರಯಾಣಿಕನನ್ನು ಹೆದರಿದ ಮಗುವೆಂದೂ ಭಾವಿಸಲು ಕಲಿಸಲಾಗುತ್ತಿತ್ತು. ಸ್ವಂತ ಭಾವನೆಯನ್ನು ಹೀಗೆ ಸಂಬಳಕ್ಕಾಗಿ ತಿದ್ದಿಕೊಳ್ಳುವುದನ್ನು ಹಾಕ್‌ಶೀಲ್ಡ್ ‘ಭಾವಶ್ರಮ’ ಎಂದು ಗುರುತಿಸಿದರು. ಅದರಲ್ಲಿ ಎರಡು ಬಗೆ. ಮುಖದಲ್ಲಿ ಮಾತ್ರ ಭಾವ ತೋರಿಸುವುದು ಒಂದು. ಆ ಭಾವ ಒಳಗೂ ಹುಟ್ಟುವಂತೆ ಮನಸ್ಸನ್ನು ಒಗ್ಗಿಸಿಕೊಳ್ಳುವುದು ಇನ್ನೊಂದು.

ಯಾಕೆ ನಗುತ್ತಿಲ್ಲ ಎಂದು ಕೇಳಿದ ಪ್ರಯಾಣಿಕನೊಬ್ಬನಿಗೆ ಗಗನಸಖಿ ಕೊಟ್ಟ ಉತ್ತರವನ್ನು ಹಾಕ್‌ಶೀಲ್ಡ್ ದಾಖಲಿಸಿದ್ದಾರೆ. ಮೊದಲು ನೀವು ನಗಿ ಎಂದಳಂತೆ. ಅವನು ನಕ್ಕ. ಈಗ ಹದಿನೈದು ಗಂಟೆ ಹಾಗೆಯೇ ಇರಿ ಎಂದು ಹೇಳಿ ಹೊರಟುಹೋದಳು.

ನಂತರದ ಅನೇಕ ಅಧ್ಯಯನಗಳು, ಅನಿಸದ ಭಾವವನ್ನು ಮುಖದಲ್ಲಿ ಹೊತ್ತು ದಿನ ದೂಡುವವರಲ್ಲಿ ಮಾನಸಿಕ ದಣಿವು ಹೆಚ್ಚು ಎಂದು ತೋರಿಸಿವೆ. ಬೆಂಗಳೂರಿಗೂ ಇದರ ಪರಿಚಯವಿದೆ. 2000ರ ದಶಕದ ಆರಂಭದ ಕಾಲ್ ಸೆಂಟರ್‌ಗಳಲ್ಲಿ ರಾತ್ರಿ ಪಾಳಿಯ ಎಷ್ಟೋ ಯುವಕ ಯುವತಿಯರು ವಿದೇಶಿ ಹೆಸರು ಇಟ್ಟುಕೊಂಡು, ವಿದೇಶಿ ಉಚ್ಚಾರ ಕಲಿತು, ಬೈಗುಳ ಕೇಳಿದರೂ ವಿನಯ ಬಿಡದೆ ಮಾತನಾಡಬೇಕಿತ್ತು.

ಸೋಗೇ ಮನುಷ್ಯನಾದಾಗ

ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1960ರಲ್ಲಿ ಸಮಸ್ಯೆಯ ಬೇರನ್ನು ಶೈಶವದಲ್ಲಿ ಹುಡುಕಿದರು. ಮಗುವಿನ ಸಹಜ ಚಟುವಟಿಕೆಗೆ ತಾಯಿ ಸ್ಪಂದಿಸಿದರೆ ಅದರ ‘ನಿಜ ಸ್ವ’ ಬೆಳೆಯುತ್ತದೆ. ಅದರ ಬದಲು ಮಗುವೇ ಸದಾ ದೊಡ್ಡವರ ಮರ್ಜಿಗೆ ಹೊಂದಿಕೊಳ್ಳಬೇಕಾಗಿ ಬಂದರೆ ‘ಸೋಗಿನ ಸ್ವ’ವೊಂದು ಗಟ್ಟಿಯಾಗುತ್ತದೆ. ಎಲ್ಲರಲ್ಲೂ ಅದು ಸ್ವಲ್ಪ ಇರುತ್ತದೆ, ಸಭ್ಯತೆ ಮತ್ತು ನಯ ಅದರದೇ ಆರೋಗ್ಯಕರ ರೂಪ ಎಂದು ವಿನಿಕಾಟ್ ಒಪ್ಪುತ್ತಾರೆ. ಸೋಗು ಪೂರ್ತಿ ಆವರಿಸಿಕೊಂಡವರು ಹೊರಗೆ ಎಷ್ಟೇ ಯಶಸ್ವಿಯಾದರೂ ಅವರಿಗೆ ಒಳಗೆ ಬದುಕು ಪೊಳ್ಳೆನಿಸುತ್ತದೆ. ಸ್ವಿಟ್ಜರ್‌ಲೆಂಡಿನ ಕಾರ್ಲ್ ಯೂಂಗ್ ಕೂಡ ತನ್ನ ಹುದ್ದೆಯನ್ನೇ ತಾನು ಎಂದು ನಂಬುವುದರ ಅಪಾಯವನ್ನು ಎಚ್ಚರಿಸಿದ್ದರು. ಅಂಥವರಿಗೆ ನಿವೃತ್ತಿಯೆಂದರೆ ಕೆಲಸ ಮುಗಿಯುವುದಲ್ಲ, ತಾವೇ ಮುಗಿದುಹೋಗುವುದು.

ಪಾತ್ರವನ್ನೂ ವಂಚನೆಯನ್ನೂ ಇಲ್ಲಿ ಬೇರೆಯಾಗಿ ನೋಡಬೇಕು. 12ನೇ ಶತಮಾನದ ವಚನಕಾರರು ಖಂಡಿಸಿದ್ದು ನುಡಿ ಒಂದು, ನಡೆ ಒಂದು ಎಂಬ ಬದುಕನ್ನು. ಅಂದರೆ ಇನ್ನೊಬ್ಬರ ನಂಬಿಕೆಯನ್ನು ಲಾಭಕ್ಕೆ ಬಳಸುವ ವೇಷವನ್ನು. ರೋಗಿಯೆದುರು ಆತಂಕ ಅದುಮಿಕೊಳ್ಳುವ ನರ್ಸಿನ ನಡವಳಿಕೆ ಆ ಸಾಲಿಗೆ ಸೇರುವುದಿಲ್ಲ. ಅದು ರೋಗಿಯ ಒಳ್ಳೆಯದಕ್ಕೆ, ಅವಳ ವೃತ್ತಿಧರ್ಮಕ್ಕೆ ಸೇರಿದ್ದು.

ಆದ್ದರಿಂದ ಎಲ್ಲ ಪಾತ್ರಗಳನ್ನು ಕಳಚಿ ‘ನಿಜವಾದ ನಾನು’ ಆಗಿಬಿಡುವುದು ಪರಿಹಾರವಲ್ಲ, ಸಾಧ್ಯವೂ ಅಲ್ಲ. ಪಾತ್ರ ತನ್ನ ಆಯ್ಕೆಯೇ, ಅದರಿಂದ ಆಗಾಗ ಹೊರಬರಲು ಸಾಧ್ಯವೇ, ಪಾತ್ರವಿಲ್ಲದೆ ಮಾತನಾಡಬಹುದಾದವರು ಒಬ್ಬರಾದರೂ ಇದ್ದಾರೆಯೇ ಎಂಬುದಷ್ಟೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಇದು ವ್ಯಕ್ತಿಯೊಬ್ಬನ ಹೊಣೆ ಮಾತ್ರವೂ ಅಲ್ಲ. ದಿನವಿಡೀ ನಿಂತೇ ಗಿರಾಕಿಗಳನ್ನು ನಗುಮುಖದಿಂದ ಎದುರುಗೊಳ್ಳಬೇಕಿದ್ದ ಅಂಗಡಿ ನೌಕರರಿಗೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯಿದೆ ತಿದ್ದಿ ಕೂರುವ ಹಕ್ಕು ಕೊಟ್ಟವು. ಕಾಲಿಗೆ ಸಿಕ್ಕ ಇಂಥ ಬಿಡುವು ನಗುವ ಮುಖಕ್ಕೂ ಸಿಗಬೇಕು. ಅದನ್ನು ಕೊಡುವುದು ಕೆಲಸ ಕೊಟ್ಟವರ ಕರ್ತವ್ಯ.